ಹುಟ್ಟುಹಸಿರು ಕಾಸು

ಆನೆಯೇ ಕಾಸು ಅಚ್ಚು ಹಾಕುತ್ತಿದ್ದ ಒಂದು ಕಾಡಿನಲ್ಲಿ ದ್ಯಾವಮ್ಮ ಎಂಬ ಮುಳ್ಳುಹಂದಿ ಇದ್ದಳು. ಕಾಸು ಮಾಡುವುದು ದೊಡ್ಡ ಕೆಲಸವೇನಲ್ಲ. ಕಲ್ಲಿನ ಅಚ್ಚಿನ ಮೇಲೆ ತಾಮ್ರದ ಬಿಲ್ಲೆ ಇಟ್ಟರೆ ಆನೆ ಅದನ್ನು ಒಮ್ಮೆ ತುಳಿಯುತ್ತಿತ್ತು. ಬಿಲ್ಲೆಯ ಮೇಲೆ ತಾವರೆ ಮೂಡುತ್ತಿತ್ತು. ಅಪರೂಪಕ್ಕೆ ಆನೆಗೆ ಸೀನು ಬಂದು ಕಾಲು ಜಾರಿದರೆ ಅರ್ಧ ತಾವರೆಯ ಕಾಸು ಹುಟ್ಟುತ್ತಿತ್ತು. ಅದಕ್ಕೆ ಕಾಡಿನ ಶ್ರೀಮಂತರು ಮುಗಿಬೀಳುತ್ತಿದ್ದರು. ಸರಿಯಾಗಿ ತುಳಿದದ್ದಕ್ಕೆ ಆನೆಯನ್ನು ಯಾರೂ ಹೊಗಳಿದ್ದಿಲ್ಲ, ತಪ್ಪಿಗೆ ಮಾತ್ರ ಭಾರೀ ಬೆಲೆ!

ಇದನ್ನು ನೋಡಿ ಮುಂಗುಸಿ ಚೆನ್ನಿಗರಾಯ ಮರದಡಿಯಲ್ಲಿ ಅಂಗಡಿ ತೆರೆದ. ಅವನ ಬಳಿ ಹಸಿರು ಬಣ್ಣದ ಕಾಸುಗಳಿದ್ದವು. "ಇವು ಹುಟ್ಟುಹಸಿರು. ಆನೆಯ ಕಾಲಡಿಯಲ್ಲೇ ಆದ ತಪ್ಪು. ಲಕ್ಷಕ್ಕೊಂದು ಸಿಗೋದು ಕಷ್ಟ" ಎನ್ನುತ್ತಿದ್ದ. ಅಂಥ ಕಾಸು ಅವನ ಬಳಿ ಬುಟ್ಟಿ ತುಂಬ ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ನವಿಲು ಎಲೆಯ ಮೇಲೆ ಕಾಲೊತ್ತಿ ಪ್ರಮಾಣಪತ್ರ ಬೇರೆ ಕೊಡುತ್ತಿತ್ತು. ಕಾಡುಕೋಣ ತನ್ನ ಹುಲ್ಲುಗಾವಲನ್ನೇ ಕೊಟ್ಟು ಒಂದು ಕಾಸು ಕೊಂಡ.

ದ್ಯಾವಮ್ಮನಿಗೂ ಆಸೆಯಾಯಿತು. ಅವಳಿಗೆ ಇದ್ದದ್ದು ಒಂದೇ ಬಿಲ. ಬಂಡೆಯ ಬುಡದಲ್ಲಿ ಮೂರು ವರ್ಷ ಕೆರೆದು ಮಾಡಿದ್ದು. ಎಂಥ ಮಳೆಗೂ ಒಳಗೆ ಹನಿ ಇಳಿಯುತ್ತಿರಲಿಲ್ಲ. ಅದರೊಳಗೆ ಎರಡು ಎಳೆ ಮರಿಗಳಿದ್ದವು.

"ಬಿಲ ಕೊಟ್ಟುಬಿಡಿ ದ್ಯಾವಮ್ಮನವರೇ. ಈ ಕಾಸಿದ್ರೆ ನಾಳೆ ಅಂಥ ಹತ್ತು ಬಿಲ ತಗೋಬಹುದು" ಎಂದ ಚೆನ್ನಿಗರಾಯ.

"ಮಳೆಗಾಲ ಹತ್ತಿರ ಬಂತಲ್ಲಪ್ಪಾ. ಮಕ್ಕಳನ್ನ ಎಲ್ಲಿ ಮಲಗಿಸಲಿ?"

"ಮಳೆ ಪ್ರತಿ ವರ್ಷ ಬರುತ್ತೆ ಕಣಮ್ಮಾ. ಹುಟ್ಟುಹಸಿರು ಬರುತ್ತಾ?"

ಆ ಮಾತಿಗೆ ದ್ಯಾವಮ್ಮ ಸೋತಳು. ಸಂಜೆಯೊಳಗೆ ಬಿಲ ಖಾಲಿ ಮಾಡುತ್ತೇನೆಂದು ಒಪ್ಪಿ, ಕಾಸು ಕಚ್ಚಿಕೊಂಡು ಹೊರಟಳು.

ದಾರಿಯಲ್ಲಿ ಉಪ್ಪುಮಣ್ಣಿನ ಗುಂಡಿಯಿತ್ತು. ಮುಳ್ಳುಹಂದಿಗಳಿಗೆ ಉಪ್ಪು ಎಂದರೆ ಪ್ರಾಣ. ನೆಕ್ಕೋಣ ಎಂದು ದ್ಯಾವಮ್ಮ ಕೆರೆದಳು. ಉಗುರಿಗೆ ಟಣ್ ಎಂದು ಏನೋ ತಗುಲಿತು. ಕೆರೆದಷ್ಟೂ ಕಾಸು! ಮೇಲಿನವು ಇನ್ನೂ ಕೆಂಪಗೆ ಹೊಳೆಯುತ್ತಿದ್ದವು, ನಡುವಿನವು ಅರೆಹಸಿರು, ತಳದವು ಹಚ್ಚಹಸಿರು. ಸುತ್ತ ಮುಂಗುಸಿಯ ಹೆಜ್ಜೆಗಳು. ಅವಳ ಮುಳ್ಳುಗಳೆಲ್ಲ ನೆಟ್ಟಗಾದವು.

"ಅಯ್ಯೋ, ಇದು ಉಪ್ಪುಮಣ್ಣಲ್ಲಿ ಹೂತು ಹಿಡಿಸಿದ ಕಿಲುಬಲ್ವಾ! ನಮ್ಮವ್ವ ಹುಣಸೆಹಣ್ಣಲ್ಲಿ ತಿಕ್ಕಿ ತೆಗೀತಿದ್ದ ಕಿಲುಬು! ಇದಕ್ಕಾ ನಾನು ಮಕ್ಕಳ ಮನೆ ಮಾರ್ತಿದ್ದೆ?"

ಕಾಸುಗಳನ್ನೆಲ್ಲ ಎಳೆದು ತಂದು ಅಂಗಡಿಯ ಮುಂದೆ ಸುರಿದಳು. ಆನೆಯ ಕಾಲಡಿಗೆ ಬಿಲ್ಲೆ ಇಡುತ್ತಿದ್ದ ಮುದುಕ ಚಿಪ್ಪುಹಂದಿ ಈರಯ್ಯನನ್ನೂ ಕರೆಸಿದಳು. ಅಷ್ಟರಲ್ಲಿ ಕಾಡೇ ಅಲ್ಲಿ ನೆರೆಯಿತು.

ಈರಯ್ಯ ಒಂದು ಹಸಿರು ಕಾಸನ್ನು ಹುಣಸೆಹಣ್ಣಿನಿಂದ ತಿಕ್ಕಿದ. ಹಸಿರು ಹೋಯಿತು. ಮೈತುಂಬ ತೂತು ಬಿದ್ದ ಕೆಂಪು ಕಾಸು ಉಳಿಯಿತು.

"ನೋಡ್ರಪ್ಪಾ, ತಾವರೆ ಪೂರ್ತಿ ಇದೆ. ಆನೆ ಸರಿಯಾಗೇ ತುಳಿದಿದೆ. ಅಚ್ಚಿನ ತಪ್ಪು ಅನ್ನೋದು ಅದರ ಕಾಲಡಿಯಲ್ಲೇ ಆಗಬೇಕು. ಹೊರಗೆ ಬಂದಮೇಲೆ ಮಣ್ಣು ತಿಂದದ್ದು ತಪ್ಪಲ್ಲ, ಗಾಯ."

"ನಾನು ಬಣ್ಣಕ್ಕೆ ಮಾತ್ರ ಪ್ರಮಾಣಪತ್ರ ಕೊಟ್ಟಿದ್ದು" ಎಂದು ನವಿಲು ಮೆಲ್ಲಗೆ ಹಿಂದೆ ಸರಿಯಿತು.

ಈರಯ್ಯ ರಾಶಿಯ ತಳದಿಂದ ಇನ್ನೊಂದು ಕಾಸು ಎತ್ತಿ ತುಂಬ ಹೊತ್ತು ನೋಡಿದ. "ಅಯ್ಯೋ ಪಾಪಿ, ಇದು ನಿಜವಾದ ಅರ್ಧ ತಾವರೆ! ಹಾಗೇ ಇಟ್ಟಿದ್ದರೆ ಇದೊಂದರಿಂದಲೇ ಜೀವಮಾನವೆಲ್ಲ ಕೂತು ಉಣ್ಣಬಹುದಿತ್ತಲ್ಲೋ ಚೆನ್ನಿಗಾ! ಈಗ ನೋಡು, ಅರ್ಧ ಉಪ್ಪಿನ ಪಾಲು."

ಬಣ್ಣವೊಂದನ್ನೇ ನೋಡಿ ಬದುಕಿದ ಮುಂಗುಸಿ, ಕೆಂಪಗಿದೆ ಎಂದು ಅದನ್ನೂ ಹೂತಿದ್ದ. ಅವನು ಎದೆ ಬಡಿದುಕೊಂಡು ಅತ್ತ. ಯಾರಿಗೂ ಅಯ್ಯೋ ಅನ್ನಿಸಲಿಲ್ಲ. ಕಾಡುಕೋಣ ಹುಲ್ಲುಗಾವಲನ್ನು ವಾಪಸು ಪಡೆದ. ಉಳಿದವರು ಹುಣಸೆಹಣ್ಣಿನ ಗುಡ್ಡೆ ಹಾಕಿ, ಅಷ್ಟೂ ಕಾಸು ತಿಕ್ಕಿ ಮುಗಿಸುವವರೆಗೆ ಚೆನ್ನಿಗರಾಯನನ್ನು ಅಲ್ಲಿಂದ ಏಳಗೊಡಲಿಲ್ಲ. ಗುಡುಗು ಕೇಳಿದ ದ್ಯಾವಮ್ಮ ಮಾತ್ರ ಇದನ್ನು ನೋಡಲು ನಿಲ್ಲದೆ ಮರಿಗಳ ಬಳಿಗೆ ಓಡಿದಳು.

ನೀತಿ: ಮೇಲೆ ಅಂಟಿದ ಕೊಳೆಯನ್ನು ಹುಟ್ಟುಗುಣವೆಂದು ನಂಬಿಸುವವನು, ನಿಜವಾದ ಗುಣ ಕೈಗೆ ಬಂದರೂ ಗುರುತಿಸಲಾರ.