ಹಿರಿಯೆಲೆ ಹಳದಿಯಾದದ್ದು

ಲೋಕ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಹೊಳೆಗೆ ಎತ್ತ ಹರಿಯಬೇಕೆಂದು ಸರಿಯಾಗಿ ತಿಳಿಯದೆ ಒಂದು ದಿನ ಇತ್ತ, ಇನ್ನೊಂದು ದಿನ ಅತ್ತ ಹರಿಯುತ್ತಿತ್ತು. ಆಗ ಗಾಳಿ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು, ಮಣ್ಣಿನೊಳಗಿನ ಹುಳವೂ ಮಾತಾಡುತ್ತಿತ್ತು. ಗಿಡಗಳಿಗೆ ಮಾತ್ರ ಬಾಯಿ ಇರಲಿಲ್ಲ.

ಬಾಯಿ ಹೋಗಲಿ, ಆಗಿನ ಎಲೆಗಳಿಗೆ ಹಸಿರು ಬಿಟ್ಟರೆ ಬೇರೆ ಬಣ್ಣವೇ ಗೊತ್ತಿರಲಿಲ್ಲ. ಚಿಗುರುವಾಗಲೂ ಹಸಿರು, ಉದುರುವಾಗಲೂ ಹಸಿರು. ಹೊಟ್ಟೆ ಹಸಿದರೂ ಹಸಿರು, ಉಸಿರು ಕಟ್ಟಿದರೂ ಹಸಿರು. ನಿನ್ನೆ ನೆಟ್ಟಗೆ ನಿಂತಿದ್ದ ಗಿಡ ಇವತ್ತು ನೆಲಕ್ಕೆ ಒರಗಿರುತ್ತಿತ್ತು. ಅದಕ್ಕೆ ಏನಾಗಿತ್ತೋ ಯಾರಿಗೂ ತಿಳಿಯುತ್ತಿರಲಿಲ್ಲ.

ಹೊಳೆಯ ಈಚೆ ದಡದಲ್ಲಿ ಮುದ್ದವ್ವ ಎಂಬ ಕುಂಬಾರಗಿತ್ತಿ ಇದ್ದಳು. ಲೋಕದ ಮೊದಲ ಮಡಕೆ ಮಾಡಿದವಳೇ ಅವಳು. ಸುಟ್ಟ ಮಡಕೆಯನ್ನು ಬೂದಿಯಿಂದ ಎತ್ತಿ, ಒರೆಸಿ, ಬೆರಳ ಗೆಣ್ಣಿನಿಂದ ತಟ್ಟುವಳು. ‘ಟಣ್’ ಎಂದರೆ ಗಟ್ಟಿ ಮಡಕೆ. ‘ದಬ್’ ಎಂದರೆ ಒಳಗೆಲ್ಲೋ ಐಬು ಇದೆ. ಅದನ್ನು ಅಲ್ಲೇ ಒಡೆದು ಹಾಕುವಳು. ತನ್ನ ಮಡಕೆಯಿಂದ ಒಂದು ತೊಟ್ಟು ನೀರೂ ಸೋರುವುದಿಲ್ಲ ಎಂದು ಅವಳಿಗೆ ಬಲು ಹೆಮ್ಮೆ. ಆ ಹೆಮ್ಮೆ ಸುಳ್ಳೇನೂ ಆಗಿರಲಿಲ್ಲ.

ಅವಳಿಗೆ ಚುಕ್ಕಿ ಎಂಬ ಪುಟ್ಟ ಮಗಳು. ಮಳೆಗಾಲ ಬಂತೆಂದರೆ ಚುಕ್ಕಿಗೆ ಕೆಮ್ಮು. ಕೆಮ್ಮಿ ಕೆಮ್ಮಿ ಮಗುವಿನ ಮುಖ ಕೆಂಪಾಗಿ, ಉಸಿರು ಮೇಲಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೆ ಮದ್ದು ಒಂದೇ, ಹೊಳೆಯ ಆಚೆ ಕಲ್ಲುಗುಡ್ಡದ ಮೇಲಿನ ದೊಡ್ಡಪತ್ರೆ. ಅದರ ದಪ್ಪನೆಯ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ರಸ ಹಿಂಡಿ, ಜೇನಿನ ಜೊತೆ ನೆಕ್ಕಿಸಿದರೆ ಎದೆ ಸಡಿಲವಾಗಿ ಮಗು ನಿದ್ದೆ ಹೋಗುತ್ತಿತ್ತು. ಆದರೆ ಮಳೆಗಾಲದಲ್ಲೇ ಅಲ್ಲವೇ ಹೊಳೆ ಉಕ್ಕುವುದು? ಹಿಂದಿನ ಸಲ ಹೊಳೆ ದಾಟಲಾಗದೆ, ಮದ್ದಿಲ್ಲದೆ, ಮಗು ಬದುಕಿ ಉಳಿದದ್ದೇ ಹೆಚ್ಚು.

ಅದಕ್ಕೆ ಈ ಸಲ ಮುದ್ದವ್ವ ಮಳೆಗೆ ಮುಂಚೆಯೇ ಗುಡ್ಡ ಹತ್ತಿದಳು. ಒಂದು ದೊಡ್ಡಪತ್ರೆ ಗಿಡವನ್ನು ಬೇರುಸಹಿತ ಎತ್ತಿ, ತನ್ನ ಅತ್ಯಂತ ಒಳ್ಳೆಯ ನೀರಿನ ಮಡಕೆಯಲ್ಲಿ ಮಣ್ಣು ತುಂಬಿ, ಅದರೊಳಗೆ ನೆಟ್ಟು ಮನೆಗೆ ತಂದಳು.

ಲೋಕದಲ್ಲಿ ನೆಲ ಬಿಟ್ಟು ಮನೆಗೆ ಬಂದ ಮೊದಲ ಗಿಡ ಅದು. ನೋಡಲು ಇರುವೆಗಳು ಸಾಲುಗಟ್ಟಿ ಬಂದವು. ಗಾಳಿ ಬಾಗಿಲಲ್ಲೇ ನಿಂತುಬಿಟ್ಟಿತು.

ಮನೆಗೆ ಬಂದವರಿಗೆ ಮೊದಲು ನೀರು ಕೊಡಬೇಕು. ಮುದ್ದವ್ವನ ಮನೆಯಲ್ಲಿ ಅದು ತಪ್ಪದ ಪದ್ಧತಿ. ಗಿಡಕ್ಕೂ ಒಂದು ಚೊಂಬು ನೀರು ಕೊಟ್ಟಳು. ಹೊರಗೆ ಹೋಗುವಾಗ ಒಂದು ಚೊಂಬು, ಬಂದಾಗ ಒಂದು ಚೊಂಬು. ಚುಕ್ಕಿಯೂ ತನ್ನ ಪುಟ್ಟ ಕೈಯಿಂದ ಬೊಗಸೆ ಬೊಗಸೆ ಸುರಿದಳು.

“ಸಾಕಾ ಅವ್ವಾ?”

“ಕುಡೀಲಿ ಬಿಡು ಮಗಾ. ನೆಂಟರಿಗೆ ಯಾರಾದ್ರೂ ಸಾಕು ಅಂತಾರಾ?”

ಗಿಡ ಬೇಡವೆನ್ನಲಿಲ್ಲ. ಬಾಯಿ ಇದ್ದರಲ್ಲವೇ ಬೇಡವೆನ್ನುವುದು!

ಮಳೆ ಹಿಡಿಯಿತು. ಹೊಳೆ ಉಕ್ಕಿತು. ಚುಕ್ಕಿಗೆ ಕೆಮ್ಮು ಶುರುವಾಯಿತು. ಮುದ್ದವ್ವ ಎಲೆ ಕೀಳಲು ಗಿಡದ ಬಳಿ ಬಂದವಳು ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ಎಳೆದುಕೊಂಡಳು.

ಬುಡದ ಎಲೆ, ಗಿಡದಲ್ಲಿ ಎಲ್ಲಕ್ಕಿಂತ ಹಿರಿಯ ಎಲೆ, ಹಳದಿಯಾಗಿತ್ತು.

ಹಳದಿ ಎಲೆಯನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಮೋಡದ ಮಬ್ಬಿನಲ್ಲಿ ಅದೊಂದೇ ಬೆಳಗುತ್ತಿತ್ತು. ಮುದ್ದವ್ವನ ಮೈ ಝುಮ್ಮೆಂದಿತು. ಕೈ ಮುಗಿಯಬೇಕೋ ಓಡಿಹೋಗಬೇಕೋ ಅವಳಿಗೆ ತಿಳಿಯಲಿಲ್ಲ.

“ಗಾಳಿರಾಯಾ, ಇದೇನಪ್ಪಾ ಇದು?” ಎಂದು ಕೇಳಿದಳು.

“ಬಿಸಿಲು ತಾಗಿರಬೇಕು,” ಎಂದಿತು ಗಾಳಿ. ಬಿಸಿಲೇ ಇಲ್ಲದ ದಿನ ಅದು! ಗೊತ್ತಿಲ್ಲ ಅನ್ನಲು ಗಾಳಿಗೆ ಬಾಯಿ ಬರುವುದಿಲ್ಲ.

“ಹೊಳೆಯಮ್ಮಾ, ನೀನಾದ್ರೂ ಹೇಳು.”

“ನೀರು ಸಾಲ್ದು ಕಣೇ,” ಎಂದಿತು ಹೊಳೆ ಉಬ್ಬಿಕೊಂಡು. “ಇನ್ನೂ ಹುಯ್ಯಿ.”

ಮುದ್ದವ್ವ ಇನ್ನೂ ಹುಯ್ದಳು. ಮಾರನೆಯ ದಿನ ಅದರ ಮೇಲಿನ ಎಲೆಯೂ ಹಳದಿಯಾಯಿತು. ಗಿಡದ ಮೈ ಜೋತುಬಿತ್ತು. ಏನಾಗಿದೆಯೋ ತಿಳಿಯದ ಗಿಡದ ಎಲೆಯನ್ನು ಮಗುವಿಗೆ ಕೊಡಲು ಅವಳಿಗೆ ಧೈರ್ಯ ಬರಲಿಲ್ಲ. ಮೂಲೆಯಲ್ಲಿ ಚುಕ್ಕಿ ಕೆಮ್ಮುತ್ತಲೇ ಇದ್ದಳು.

ಸಂಜೆಗೆ ಮೋಡ ಸರಿದು, ಮುಳುಗುವ ಸೂರ್ಯ ಅಂಗಳಕ್ಕೆ ಇಣುಕಿದ. ಅವನ ಮೈಬಣ್ಣವನ್ನೂ ಎಲೆಯ ಬಣ್ಣವನ್ನೂ ನೋಡಿದ ಮುದ್ದವ್ವನಿಗೆ ಎಲ್ಲಿಲ್ಲದ ಸಿಟ್ಟು ಬಂತು.

“ಸೂರ್ಯಪ್ಪಾ, ನಿನ್ನ ಬಣ್ಣ ಬಳಿದು ನನ್ನ ಗಿಡ ಕೆಡಿಸಿದ್ಯಾ?”

“ನಾನಾಗಿ ಬಳಿದಿಲ್ಲ ತಾಯಿ, ಅದೇ ಕೇಳ್ತು,” ಎಂದ ಸೂರ್ಯ ಮೆಲ್ಲಗೆ. “ನಿನ್ನನ್ನ ಕರೀಬೇಕಿತ್ತು ಅದಕ್ಕೆ. ಬಾಯಿಲ್ಲ. ನನ್ನ ಹತ್ರ ಇರೋದು ಬಣ್ಣ ಒಂದೇ, ಹಸಿರು ತುಂಬಿರೋ ಕಡೆ ಅದು ನಿಲ್ಲಲ್ಲ ಅಂದೆ. ಆಗ ಹಿರಿಯೆಲೆ ಏನ್ ಮಾಡ್ತು ಗೊತ್ತಾ? ತನ್ನ ಹಸಿರನ್ನೆಲ್ಲಾ ದಂಟಿನ ಮೂಲಕ ಮೇಲಕ್ಕೆ ಕಳಿಸಿ, ಬರಿಗೈ ಚಾಚ್ತು. ತುದಿ ನೋಡು.”

ಮುದ್ದವ್ವ ನೋಡಿದಳು. ಜೋತುಬಿದ್ದ ಗಿಡದ ತುದಿಯಲ್ಲಿ, ಇರುವೆಯ ತಲೆಗಿಂತ ತುಸು ದೊಡ್ಡದಾದ ಒಂದು ಚಿಗುರು. ಹಸಿರೋ ಹಸಿರು. ಅದನ್ನು ಕಂಡು ಅವಳ ಕಣ್ಣು ತುಂಬಿ ಬಂತು.

“ಕರೆದು ಏನ್ ಹೇಳ್ತಿದೆ ಸೂರ್ಯಪ್ಪಾ?”

“ನಾನು ಮೇಲಿನವನು. ಕೆಳಗಿನ ಸುದ್ದಿ ಕೆಳಗಿನವರನ್ನ ಕೇಳು,” ಎಂದು ಸೂರ್ಯ ಮುಳುಗಿದ.

ಮುದ್ದವ್ವ ಎರೆಹುಳವನ್ನು ಕರೆತಂದು ಮಡಕೆಯ ಮಣ್ಣಿಗೆ ಬಿಟ್ಟಳು. ಅದು ತಲೆ ತೂರಿಸಿದ ಕ್ಷಣವೇ ಏದುಸಿರು ಬಿಡುತ್ತಾ ಹೊರಗೆ ಬಂತು.

“ಅಯ್ಯೋ ಅವ್ವಾ, ಒಳಗೆ ಉಸಿರಾಡೋಕೇ ಆಗಲ್ಲ!”

ಮುದ್ದವ್ವ ಬೆರಳ ಗೆಣ್ಣಿನಿಂದ ಮಡಕೆಯನ್ನು ತಟ್ಟಿದಳು. ‘ದಬ್’ ಎಂದಿತು. ಐಬು ಮಡಕೆಯದಲ್ಲ, ಒಳಗೆ ಬರೀ ನೀರು ನಿಂತಿತ್ತು. ಸೋರದ ಮಡಕೆ ಕೊಟ್ಟು, ಸಾಕೆನ್ನದೆ ಸುರಿದು, ತಾನೇ ಗಿಡವನ್ನು ಮುಳುಗಿಸಿದ್ದಳು. ಗಿಡದ ಉಸಿರು ಸಿಕ್ಕಿಕೊಂಡಿತ್ತು, ಚುಕ್ಕಿಯ ಉಸಿರಿನ ಹಾಗೆ.

ಈಗ ಮಾಡಬೇಕಾದದ್ದು ಒಂದೇ. ಆದರೆ ಕೈಯಾರೆ ಮಡಕೆಗೆ ತೂತು ಕೊರೆಯುವ ಕುಂಬಾರಗಿತ್ತಿ ಎಲ್ಲಾದರೂ ಉಂಟೇ? ಒಳಗಿನಿಂದ ಚುಕ್ಕಿಯ ಕೆಮ್ಮು ಕೇಳಿಸಿತು. ಮುದ್ದವ್ವ ಚೂಪಾದ ಕಲ್ಲನ್ನು ಮಡಕೆಯ ತಳಕ್ಕೆ ಇಟ್ಟು, ತಿರುಗಿಸಿ ತಿರುಗಿಸಿ ಕೊರೆದಳು.

ನಾರುವ ನೀರು ಬಳಬಳನೆ ಸುರಿಯಿತು.

“ಮುದ್ದವ್ವನ ಮಡಕೆ ಸೋರ್ತಿದೆ!” ಎಂದು ಹೊಳೆ ಊರಿಗೆಲ್ಲ ಕೇಳುವಂತೆ ನಕ್ಕಿತು.

“ಸೋರ್ಲಿ!” ಎಂದಳು ಮುದ್ದವ್ವ.

ನೀರು ಹೋದ ದಾರಿಯಲ್ಲೇ ಗಾಳಿ ಒಳಗೆ ಹೊಕ್ಕಿತು. ಈಗಲಾದರೂ ಅದು ಒಂದು ಕೆಲಸಕ್ಕೆ ಬಂತು ಅನ್ನಿ! ಬೇರುಗಳು ಉಸಿರೆಳೆದುಕೊಂಡವು. ಬೆಳಿಗ್ಗೆ ನೋಡಿದರೆ ಗಿಡ ತಲೆ ಎತ್ತಿತ್ತು, ತುದಿಯ ಚಿಗುರು ಅಂಗೈ ಬಿಚ್ಚಿತ್ತು. ನಡುವಿನ ಹಸಿರೆಲೆಗಳನ್ನು ಕಿತ್ತು, ಬಾಡಿಸಿ, ರಸ ಹಿಂಡಿ ಚುಕ್ಕಿಗೆ ನೆಕ್ಕಿಸಿದಳು. ಮಗುವಿನ ಎದೆ ಸಡಿಲವಾಯಿತು. ಅಷ್ಟು ದಿನಗಳಾದ ಮೇಲೆ ಚುಕ್ಕಿ ಕಣ್ತುಂಬ ನಿದ್ದೆ ಮಾಡಿದಳು.

ಹಿರಿಯೆಲೆ ಮಾತ್ರ ಮತ್ತೆ ಹಸಿರಾಗಲಿಲ್ಲ. ಕೊಟ್ಟದ್ದನ್ನು ಅದು ವಾಪಸು ಕೇಳಲಿಲ್ಲ. ಮುದ್ದವ್ವ ಮೆಲ್ಲಗೆ ಮುಟ್ಟಿದ್ದೇ ತಡ, ಕಳಚಿ ಅವಳ ಅಂಗೈಗೆ ಬಿತ್ತು. ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡಳು.

ಈ ಸುದ್ದಿಯನ್ನು ಗಾಳಿ ಎಲ್ಲ ಗಿಡಗಳಿಗೂ ಮುಟ್ಟಿಸಿತು. ಅಂದಿನಿಂದ ಗಿಡಗಳು ಸುಮ್ಮನೆ ಸಾಯುವುದನ್ನು ಬಿಟ್ಟು, ಕರೆಯಲು ಕಲಿತವು.

ಅದಕ್ಕೇ ಕಂದಾ, ನಿಮ್ಮ ಮನೆಯ ಕುಂಡದಲ್ಲಿ ಬುಡದ ಎಲೆ ಹಳದಿಯಾದರೆ ಚೊಂಬು ಹಿಡಿದು ಓಡಬೇಡ. ಮೊದಲು ಕುಂಡವನ್ನು ತಟ್ಟಿ ಕೇಳು, ಮಣ್ಣಿಗೆ ಬೆರಳಿಟ್ಟು ನೋಡು. ಆ ಹಿರಿಯೆಲೆ ತನ್ನ ಹಸಿರನ್ನೆಲ್ಲ ತುದಿಯ ಮರಿಗೆ ಕೊಟ್ಟು, ಬರಿಗೈ ಚಾಚಿ ಇವತ್ತಿಗೂ ನಿನ್ನನ್ನೇ ಕರೆಯುತ್ತಿದೆ.