ಕಂಬದ ಪರಿಚಯ ಇಲ್ಲವೆಂದ ದ್ಯಾವಪ್ಪ

ಒಂದಾನೊಂದು ಊರಿನಲ್ಲಿ, ಊರಿನ ಹೆಸರು ಮಾತ್ರ ಕೇಳಬೇಡಿ, ಹೇಳಿದರೆ ಊರಿಗೇ ನಾಚಿಕೆ, ದ್ಯಾವಪ್ಪನೆಂಬ ಮುಚ್ಚಳ ಮಾಡುವವನಿದ್ದ. ಗಡಿಗೆಗೆ ಮುಚ್ಚಳ, ಬಾವಿಗೆ ಮುಚ್ಚಳ, ಮಲಗಿದ ಬೆಕ್ಕಿಗೂ ಅಳತೆ ತೆಗೆದು ಒಂದು ಮುಚ್ಚಳ. ಮಾಡುವುದೇನೋ ಮಾಡಿದ. ಕೊಳ್ಳುವವರ ಪೈಕಿ ಒಬ್ಬರ ಪರಿಚಯವೂ ಇಲ್ಲ. ಮನೆ ತುಂಬ ಮುಚ್ಚಳ. ಹೆಂಡತಿ ನಿಂಗಾಜಮ್ಮನಿಗೆ ದಿನಾ ಒಲೆ ಹುಡುಕುವುದೇ ಅರ್ಧ ದಿನದ ಕೆಲಸ.

ಆ ದೇಶದ ರಾಜನಿಗೆ ತೆರೆದದ್ದೇನು ಕಂಡರೂ ಮೈ ಕಡಿತ. ಆಕಳಿಸಿದವರನ್ನು ಗಡೀಪಾರು ಮಾಡುತ್ತಿದ್ದ. ಅವನು ವರ್ಷಕ್ಕೊಮ್ಮೆ ಮುಚ್ಚಳ ತಯಾರಕರ ಮಹಾಸಮ್ಮೇಳನ ನಡೆಸುತ್ತಿದ್ದ. ಈ ಸಲ ಊರ ಕೆರೆಗೇ ಮುಚ್ಚಳ ಹಾಕಿಸಬೇಕಂತೆ. ಯಾರಿಗೆ ಆ ಕೆಲಸ ಅನ್ನುವುದು ಮುಚ್ಚಳದ ಮಂತ್ರಿಗಳ ಕೈಯಲ್ಲಿ.

"ರೀ, ಹೋಗಿ ಬನ್ನಿ," ಎಂದಳು ನಿಂಗಾಜಮ್ಮ. "ಒಬ್ಬರ ಪರಿಚಯವಾದ್ರೂ ಮಾಡ್ಕೊಂಡೇ ಬರಬೇಕು. ಇಲ್ಲಾಂದ್ರೆ ಮನೆಯೊಳಗೆ ಬಿಡಲ್ಲ. ಕೋಪಕ್ಕಲ್ಲ, ಜಾಗ ಇಲ್ಲ."

ಹೋದ. ಬಾಗಿಲಲ್ಲೇ ಎದೆಗೆ ಹೆಸರಿನ ಚೀಟಿ ಅಂಟಿಸಿದರು. ಒಳಗೆ ಮುನ್ನೂರು ಜನ ಗುಂಪುಗುಂಪಾಗಿ ನಿಂತು "ಓಹೋ, ತಾವೋ" ಎನ್ನುತ್ತಿದ್ದರು. ದ್ಯಾವಪ್ಪ ಒಂದು ಗುಂಪಿನ ಅಂಚಿಗೆ ಬಂದು ನಿಂತ. ಗುಂಪು ಒಂದು ಹೆಜ್ಜೆ ಸರಿಯಿತು. ಇನ್ನೊಂದರ ಅಂಚಿಗೆ ನಿಂತ. ಅದೂ ಸರಿಯಿತು. ಹೀಗೆ ಸರಿದು ಸರಿದು ಮಧ್ಯಾಹ್ನದ ಹೊತ್ತಿಗೆ ಮೂಲೆಗೆ ಬಂದಿದ್ದ. ಅಲ್ಲೊಂದು ಕಂಬ.

ಕಟ್ಟಿಕೊಂಡು ಬಂದ ಮಾತು ಬಾಯಲ್ಲೇ ಹುಳಿಯಾಗುತ್ತಿತ್ತು. "ನಮಸ್ಕಾರ. ನಾನು ದ್ಯಾವಪ್ಪ, ಹುಣಸೆಕಟ್ಟೆ ಬೀದಿ. ಮುಚ್ಚಳದ ಕೆಲಸ," ಎಂದ.

"ನಮಸ್ಕಾರ ಕಣಪ್ಪ. ನಾನು ಕಂಬ. ಸೂರಿನ ಕೆಲಸ," ಎಂದಿತು ಕಂಬ.

"ಎಷ್ಟು ವರ್ಷವಾಯ್ತು?"

"ನೂರಾ ಇಪ್ಪತ್ತು."

"ಕಾಲು ನೋಯಲ್ವಾ ನಿಮಗೆ?"

ಕಂಬದ ಮೈಯಿಂದ ಒಂದು ಚಕ್ಕೆ ಸುಣ್ಣ ಉದುರಿತು. "ಇದುವರೆಗೂ ಯಾರೂ ಕೇಳಿರಲಿಲ್ಲ. ನಿನ್ನ ಮಂತ್ರಿಗಳು ನನಗೆ ಗೊತ್ತು ಬಿಡು. ಪ್ರತಿ ವರ್ಷ ಉಂಡು ಬಂದು ಬೆನ್ನು ಉಜ್ಜೋದು ನನಗೇ. ನಿನ್ನ ವಿಷಯ ಅವರಿಗೆ ನಾನೇ ಹೇಳ್ತೀನಿ."

ಹೇಳಿದಂತೆಯೇ ಮಂತ್ರಿಗಳು ಬಂದರು. ಹಿಂದೆ ನಲವತ್ತು ಜನ.

"ಏನಯ್ಯಾ, ಕಂಬದ ಜೊತೆ ಹರಟೆಯೋ? ನಿನ್ನ ಸ್ನೇಹಿತರೋ?" ನಲವತ್ತು ಜನರೂ ನಕ್ಕರು.

ದ್ಯಾವಪ್ಪನ ಕಿವಿ ಬಿಸಿಯಾಯಿತು. "ಛೆ ಛೆ, ಎಲ್ಲಾದರೂ ಉಂಟೇ ಬುದ್ಧೀ. ಇದು ಯಾರೋ ನನಗೆ ಗೊತ್ತೇ ಇಲ್ಲ. ಸುಮ್ಮನೆ ಒರಗಿದ್ದೆ."

ಕಂಬ ಕೇಳಿಸಿಕೊಂಡಿತು. "ಸರಿ. ಪರಿಚಯ ಇಲ್ಲದವರ ನಡುವೆ ನನಗೇನು ಕೆಲಸ?" ಎಂದು ಇದ್ದ ಒಂದೇ ಕಾಲನ್ನು ನೆಲದಿಂದ ಕಿತ್ತು, ಕುಪ್ಪಳಿಸುತ್ತ ಹೊರಗೆ ಹೋಯಿತು. ಹೋಗುವಾಗ ಬಾಗಿಲು ಮುಚ್ಚಿಕೊಂಡು ಹೋಯಿತು, ಮರ್ಯಾದಸ್ಥ ಕಂಬ.

"ಕಂಬವೇ ಹೋದ ಮೇಲೆ ನನಗಿಲ್ಲಿ ಯಾರು ಗೊತ್ತು?" ಎನ್ನುತ್ತ ಸೂರು ಇಳಿಯತೊಡಗಿತು.

"ಸಭೆಯ ಮುಚ್ಚಳ ಬೀಳ್ತಿದೆ," ಎಂದು ರಾಜ ಕೂಗಿದ. "ಮುಚ್ಚಳದವರು ಯಾರಿದ್ದೀರಿ ಇಲ್ಲಿ?"

ಎಲ್ಲರೂ ಎದೆಯ ಚೀಟಿ ಕಿತ್ತು ಬಾಯಿಗೆ ಹಾಕಿಕೊಂಡರು. "ನಾವು ಬರೀ ಊಟಕ್ಕೆ ಬಂದವರು," ಎಂದರು, ಅಗಿಯುತ್ತ. ದ್ಯಾವಪ್ಪ ಮಾತ್ರ ಎರಡೂ ಕೈ ಎತ್ತಿ ಸೂರು ಹಿಡಿದ. ಧೈರ್ಯ ಎಂದುಕೊಳ್ಳಬೇಡಿ. ಕೈ ಎತ್ತಿದರೆ ತೋಳಿನ ಮರೆಯಲ್ಲಿ ಮುಖ ಅಡಗುತ್ತದಲ್ಲ, ಅದಕ್ಕೆ.

ರಾಜ ಕುಣಿದಾಡಿದ. "ಕೆರೆಯ ಮುಚ್ಚಳ ನಿನಗೇ. ಈಗಲೇ ಶುರು ಮಾಡು."

"ಕೈ ಬಿಟ್ಟರೆ ಸೂರು ಬೀಳುತ್ತದೆ ಪ್ರಭು."

"ಹಾಗಾದರೆ ಕೈ ಬಿಡದೆ ಮಾಡು," ಎಂದು ರಾಜ ಊಟಕ್ಕೆ ಹೋದ.

ಮೂರನೆಯ ದಿನ ನಿಂಗಾಜಮ್ಮ ಬುತ್ತಿ ತಂದಳು. ತುತ್ತು ಬಾಯಿಗಿಡುತ್ತ ಕೇಳಿದಳು: "ಯಾರದಾದ್ರೂ ಪರಿಚಯ ಆಯ್ತಾ?"

"ಒಬ್ಬರದಾಗಿತ್ತು ಕಣೆ. ಗೊತ್ತೇ ಇಲ್ಲ ಅಂದುಬಿಟ್ಟೆ."

"ಅವರೇ ಇರಬೇಕು ಹಾಗಾದ್ರೆ. ಒಂಟಿ ಕಾಲಿನವರು, ಸುಣ್ಣ ಬಳಿದ ಮೈ. ಮೊನ್ನೆ ಸಂಜೆ ಬಂದು, ಲೋಕದಲ್ಲಿ ನನಗೆ ಗೊತ್ತಿರೋದು ಇದೊಂದೇ ವಿಳಾಸ ಅಂದ್ರು. ಮಜ್ಜಿಗೆ ಕೊಟ್ಟೆ. ಮುಚ್ಚಳವನ್ನೆಲ್ಲ ತಲೆ ಮೇಲೆ ಪೇರಿಸಿಕೊಂಡು ನಿಂತಿದ್ದಾರೆ, ಪಾಪ. ಈಗ ಒಲೆ ಕಾಣುತ್ತೆ."

ದ್ಯಾವಪ್ಪ ತುತ್ತು ನುಂಗಲಿಲ್ಲ. "ನನ್ನ ಬಗ್ಗೆ ಏನಾದರೂ ಅಂದರೇ?"

"ಅಂದ್ರು. ಅಲ್ಲಿ ನಿಮ್ಮ ಯಜಮಾನರಿಗೆ ಕಾಲು ನೋಯುತ್ತಿದೆಯೋ ಏನೋ, ಕೇಳಿಕೊಂಡು ಬಾಮ್ಮ ಅಂದ್ರು."

ದ್ಯಾವಪ್ಪನ ಕಣ್ಣಿಂದ ಒಂದು ಚಕ್ಕೆ ಸುಣ್ಣ ಉದುರಿತು.

ಆದ್ದರಿಂದ ಮಕ್ಕಳೇ, ಸಮ್ಮೇಳನಕ್ಕೆ ಹೋದವರು ಒರಗುವ ಮೊದಲು ಹೆಸರು ಕೇಳಿ, ಕೇಳಿದ ಮೇಲೆ ನೆನಪಿಡಿ. ಎಲ್ಲದಕ್ಕೂ ಮುಚ್ಚಳ ಮಾಡಿದ ಆ ಊರಿನವರು ನಾಚಿಕೆಗೆ ಮಾತ್ರ ಇನ್ನೂ ಅಳತೆ ತೆಗೆಯುತ್ತಲೇ ಇದ್ದಾರೆ. ಅವನು ಅಲ್ಲಿ ನಿಂತಿದ್ದಾನೆ, ನಾವಿಲ್ಲಿ ಕೂತಿದ್ದೇವೆ, ಕತೆಗೆ ಮುಚ್ಚಳ ಬಿತ್ತು.