ದೋಣಿಕಟ್ಟೆ ತೆರೆಯುವ ಹೊತ್ತು

ಹೊಳೆದಂಡೆಯ ಮಠದಲ್ಲಿ ಒಬ್ಬ ಗುರುಗಳಿದ್ದರು. ಎಲ್ಲರೂ ಅವರನ್ನು ಅಪ್ಪಾರು ಎನ್ನುವರು. ಅವರ ಶಿಷ್ಯ ಅಮರಯ್ಯ ಕಂಪ್ಯೂಟರ್ ಬಲ್ಲವನು.

ಹೊಳೆಯ ಉದ್ದಕ್ಕೂ ದೋಣಿ ನಡೆಸುವವರಿಗಾಗಿ ಅವನೊಂದು ವೆಬ್‌ಸೈಟ್ ಮಾಡಿದ. ಅದಕ್ಕೆ ದೋಣಿಕಟ್ಟೆ ಎಂದು ಹೆಸರಿಟ್ಟ. ಅಣೆಕಟ್ಟಿನಿಂದ ನೀರು ಬಿಟ್ಟರೆ ಮೇಲಿನ ಊರಿನವರು ಅದರಲ್ಲಿ ಬರೆಯುವರು. ಕೆಳಗಿನ ಊರಿನವರು ಓದಿಕೊಂಡು, ಆಮೇಲೆ ಹರಿಗೋಲು ಇಳಿಸುವರು.

ಮೊದಮೊದಲು ಅದರಲ್ಲಿ ಬರೀ ಅಕ್ಷರಗಳಿದ್ದವು. ಮುಟ್ಟಿದರೆ ತೆರೆಯುತ್ತಿತ್ತು.

ಅಮರಯ್ಯನಿಗೆ ಅದು ಬೋಳು ಬೋಳು ಅನ್ನಿಸಿತು. ಮೇಲೆ ಗುರುಗಳ ದೊಡ್ಡ ಚಿತ್ರ ಹಾಕಿದ. ಅದರ ಕೆಳಗೆ ತಾನಾಗಿಯೇ ಶುರುವಾಗುವ ಪ್ರವಚನದ ವಿಡಿಯೋ. ಅದರ ಕೆಳಗೆ ಮಠಕ್ಕೆ ದಾನ ಕೊಟ್ಟವರ ಫೋಟೋಗಳು. ಎಲ್ಲ ಬಂದ ಮೇಲೆ ಕೊನೆಯಲ್ಲಿ ನೀರಿನ ಸುದ್ದಿ.

ಗುರುಗಳು ನೋಡಿದರು. “ಚಂದ ಅದ,” ಎಂದರು.

ದೋಣಿಯವರು ದೂರತೊಡಗಿದರು.

“ಕಟ್ಟೆ ತೆರೆಯೋದರೊಳಗೆ ಒಲೆ ಮೇಲಿನ ಅನ್ನ ಸೀದು ಹೋಗ್ತದ,” ಎಂದು ಒಬ್ಬ ಬರೆದ.

“ಅಪ್ಪಾರ ಮುಖ ಹಣೆ ತನಕ ಬಂದದ. ಮೂಗು ನಾಳೆ ಬರ್ತದೇನೋ,” ಎಂದು ಇನ್ನೊಬ್ಬ.

ಅಮರಯ್ಯನಿಗೆ ಸಿಟ್ಟು ಬಂತು. “ಅವರ ಫೋನು ಹಳೇವು ಅಪ್ಪಾರ. ಅವರ ಕಡೆ ಸಿಗ್ನಲ್ಲೂ ಇಲ್ಲ. ಅದಕ್ಕೆ ನಮ್ಮನ್ನ ಬೈತಾರ. ತಾಳ್ಮಿ ಅನ್ನೋದೇ ಇಲ್ಲ ಈ ಮಂದಿಗೆ.”

“ಹೌದೇನು?”

“ತಾಳ್ಮಿ ಮ್ಯಾಲೆ ಒಂದು ಪ್ರವಚನ ಕೊಡ್ರಿ.”

ಗುರುಗಳು ಕೊಟ್ಟರು. ಅಮರಯ್ಯ ಅದನ್ನೂ ಎಲ್ಲಕ್ಕಿಂತ ಮೇಲೆ ಹಾಕಿದ.

ಮಳೆಗಾಲದ ಒಂದು ಮಧ್ಯಾಹ್ನ ಅಂಬಿಗರ ದುರ್ಗವ್ವ ಮಠಕ್ಕೆ ಬಂದಳು. ಅವಳ ತಮ್ಮ ಮಾನಪ್ಪ ಹಿಂದಿನ ದಿನ ಹೊಳೆಯ ಸೆಳವಿಗೆ ಸಿಕ್ಕು ಸತ್ತಿದ್ದ. ಅವನನ್ನು ಮಣ್ಣು ಮಾಡಿ ನೇರ ಬಂದಿದ್ದಳು. ಗುರುಗಳ ಕಾಲಿಗೆ ಬೀಳಲಿಲ್ಲ.

“ಫೋನ್ ಹಿಡಕೊಂಡು ದಂಡಿ ಮ್ಯಾಲೆ ನಿಂತಿದ್ದನ್ರಿ ನನ್ನ ತಮ್ಮ,” ಎಂದಳು. “ಆಚೆ ದಡದಾಗ ಜನ ದಾಟಿಸು ಬಾ ಅಂತ ಕೂಗಿ ಕರೀತಿದ್ರು. ನಿಮ್ಮ ಮುಖ ಬಂತು. ತಾಳ್ಮಿ ಬಗ್ಗೆ ನೀವು ಹೇಳಿದ್ದೂ ಕೇಳಿಸ್ತು. ನೀರು ಬಿಟ್ಟ ಸುದ್ದಿ ಬರಲಿಲ್ಲ. ಏನೂ ಇಲ್ಲ ಬಿಡು ಅಂತ ಇಳಿದ.”

“ಸುದ್ದಿ ಇತ್ತವ್ವ,” ಎಂದ ಅಮರಯ್ಯ. “ನಿನ್ನೆ ಬೆಳಿಗ್ಗೇನೇ ಯಾರೋ ಬರೆದಿದ್ರು. ಇನ್ನೊಂದಿಷ್ಟು ಹೊತ್ತು ಕಾದಿದ್ರೆ ಕಾಣ್ತಿತ್ತು.”

ದುರ್ಗವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಹೌದೇನಪ್ಪ? ಹಂಗಾದ್ರೆ ತಪ್ಪು ಅವಂದೇ ಬಿಡು.”

ಸೆರಗು ಕೊಡವಿಕೊಂಡು ಹೊರಟುಹೋದಳು. ಗುರುಗಳು ಅವಳನ್ನು ಕರೆಯಲಿಲ್ಲ. ಆ ದಿನ ಅವರು ಪ್ರಸಾದವನ್ನೂ ಮುಟ್ಟಲಿಲ್ಲ.

ಆ ಹೊಳೆಯಲ್ಲಿ ಒಂದು ಪದ್ಧತಿ ಇದೆ. ದಂಡೆಯಲ್ಲಿ ನಿಂತವರು, ಬರುತ್ತಿರುವ ದೋಣಿಗೆ ಮೊದಲು ನೀರಿನ ಸುದ್ದಿ ಕೂಗಬೇಕು. ಬರುವವನು ಬೀಗನಾದರೂ ಸರಿ, ಹಗೆಯಾದರೂ ಸರಿ. ಶರಣು ಅನ್ನುವುದು, ಮನೆಮಂದಿಯನ್ನು ಕೇಳುವುದು, ಎಲ್ಲ ಆಮೇಲೆ.

ನೀರು ಇಳಿದ ಮೇಲೆ ಗುರುಗಳು ಒಂದು ಬೆಳಿಗ್ಗೆ ಆಚೆ ದಡಕ್ಕೆ ಹೋದರು. ಅಮರಯ್ಯ ಹಿಂದಿನಿಂದ ಒಬ್ಬನೇ ಬರಲಿ ಎಂದು ಹೇಳಿ ಕಳಿಸಿದರು.

ಅಮರಯ್ಯ ಹರಿಗೋಲಿನಲ್ಲಿ ಹೊರಟ. ದಡ ಹತ್ತಿರವಾದಾಗ ಹುಟ್ಟು ಎತ್ತಿ ಹಿಡಿದು ಕೂಗಿದ. “ಅಪ್ಪಾರ, ನೀರು ಹೆಂಗದ?”

ಗುರುಗಳು ದಂಡೆಯಲ್ಲಿ ನಿಂತು ಕೈ ಮುಗಿದರು. ಮಠದ ಮೂಲಪುರುಷರ ಹೆಸರಿನಿಂದ ಶುರುಮಾಡಿ ಹಿಂದಿನ ಗುರುಗಳನ್ನೆಲ್ಲ ಒಬ್ಬೊಬ್ಬರಾಗಿ ಸ್ಮರಿಸತೊಡಗಿದರು.

“ಅಪ್ಪಾರ! ಎಡಕ್ಕ ಬರಲೋ ಬಲಕ್ಕ ಬರಲೋ?”

ಗುರುಗಳು ದಾನ ಕೊಟ್ಟ ಭಕ್ತರ ಹೆಸರುಗಳಿಗೆ ಬಂದರು.

“ಅಯ್ಯೋ, ಮೊದಲು ನೀರು ಹೇಳ್ರೀ!”

ನೀರೊಳಗಿನ ಬಂಡೆಗೆ ಹರಿಗೋಲು ಬಡಿಯಿತು, ತಿರುಗಿತು, ಮಗುಚಿತು. ಅಲ್ಲಿ ಸೊಂಟಮಟ್ಟ ನೀರು. ಅಮರಯ್ಯ ಮುಗ್ಗರಿಸುತ್ತ, ಕೆಮ್ಮುತ್ತ ದಡ ಹತ್ತಿದ. ಮೊಣಕಾಲು ತರಚಿ ರಕ್ತ ಬರುತ್ತಿತ್ತು.

“ಅಲ್ಲಿ ಬಂಡೆ ಅದ ಅಂತ ನಿಮಗ ಗೊತ್ತಿತ್ತು!”

“ಗೊತ್ತಿತ್ತು. ಹೇಳೋನೇ ಇದ್ದೆ. ಭಕ್ತರ ಹೆಸರು ಇನ್ನೂ ಮುಗಿದಿರಲಿಲ್ಲ.”

“ನಾ ಸತ್ತಿದ್ರೆ?”

“ಇನ್ನೊಂದಿಷ್ಟು ಹೊತ್ತು ಕಾದಿದ್ರೆ ಕೇಳಿಸ್ತಿತ್ತು.”

 

ಮಠಕ್ಕೆ ಮರಳಿದವನು ಒದ್ದೆ ಬಟ್ಟೆಯಲ್ಲೇ ಕಂಪ್ಯೂಟರ್ ಮುಂದೆ ಕೂತ. ಚಿತ್ರ ತೆಗೆದ. ವಿಡಿಯೋಗಳನ್ನು ತೆಗೆದ. ಭಕ್ತರ ಫೋಟೋಗಳನ್ನು ತೆಗೆದ. ಅಡುಗೆಯವನ ಹಳೇ ಫೋನು ಕೇಳಿ ಪಡೆದು, ಹೊಳೆಯ ದಂಡೆಗೆ ಹೋಗಿ ಮುಟ್ಟಿ ನೋಡಿದ. ದೋಣಿಕಟ್ಟೆ ತೆರೆಯಿತು. ಮೊದಲ ಸಾಲಿನಲ್ಲೇ ನೀರಿನ ಸುದ್ದಿ ಇತ್ತು.

ಓಡಿ ಬಂದ.

“ಅಪ್ಪಾರ, ಎಲ್ಲಾ ತೆಗೆದೆ. ಈಗ ಮುಟ್ಟಿದ್ರೆ ತೆರೀತದ. ದುರ್ಗವ್ವನ ಮನಿಗೆ ಹೋಗಿ ಹೇಳಿ ಬರ್ಲೇನ್ರಿ?”

“ಎಷ್ಟು ಹೊತ್ತು ಹಿಡೀತು?”

“ಅಂಥಾ ಹೊತ್ತೇನಿಲ್ರಿ. ಊಟದ ಗಂಟಿ ಬಾರಿಸೋದರೊಳಗ ಮುಗೀತು.”



“ಇಷ್ಟೇ ಕೆಲಸ ಇತ್ತೇನು ಅಂತ ಅವಳು ಕೇಳ್ತಾಳ,” ಎಂದರು ಗುರುಗಳು. “ಅದಕ್ಕ ಏನು ಹೇಳಬೇಕು ಅಂತ ತಿಳಿದ ದಿನ ನನ್ನನ್ನೂ ಕರಿ. ಇಬ್ಬರೂ ಹೋಗೋಣು.”